ಮನೆ ನಮ್ಮದಾಯಿತು, ಮೀಟರ್ ಮಾತ್ರ ಇರಲಿಲ್ಲ

ಹದಿನಾಲ್ಕು ವರ್ಷ ಶಿವಮೊಗ್ಗದಲ್ಲಿ ಬಾಡಿಗೆಗೆ ಇದ್ದು, ಕೊನೆಗೂ ತೀರ್ಥಹಳ್ಳಿ ಹತ್ತಿರ ಒಂದು ಹಂಚಿನ ಮನೆ ತಗೊಂಡೆವು. ನಮ್ಮ ಮೊದಲ ಸ್ವಂತ ಮನೆ. ನೋಡಲು ಹೋದದ್ದು ಮಧ್ಯಾಹ್ನ. ಜಗಲಿ ತುಂಬ ಬಿಸಿಲು, ಹಿಂದೆ ಬಾವಿ, ಬಚ್ಚಲಲ್ಲಿ ಹಂಡೆ, ಅಮ್ಮನಿಗಂತೂ ಅಲ್ಲೇ ಉಳಿದುಬಿಡುವಷ್ಟು ಖುಷಿ. ಅಷ್ಟು ಬೆಳಕಿದ್ದಾಗ ಸ್ವಿಚ್ ಹಾಕಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮನೆ ಆರು ವರ್ಷದಿಂದ ಬೀಗ ಹಾಕಿತ್ತು. "ಕರೆಂಟ್ ತೆಗೆಸಿದ್ದೇವೆ, ಹೇಳಿದರೆ ಎರಡು ದಿನದಲ್ಲಿ ಹಾಕಿಕೊಡ್ತಾರೆ" ಅಂದರು ಮಾರುವವರು. ನಂಬಿದೆವು.

ಕಾಗದ ಪತ್ರ ನಾವು ನೋಡಲಿಲ್ಲ ಅಂತಲ್ಲ. ಇ.ಸಿ. (ಋಣಭಾರ ಪತ್ರ) ತೆಗೆಸಿದ್ದೆವು, ಒಂದು ಸಾಲವೂ ಇರಲಿಲ್ಲ. ಕಂದಾಯ ಕಟ್ಟಿದ ರಸೀದಿಯೂ ಸರಿ ಇತ್ತು. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ, ಅಂದರೆ ಕ್ರಯ, ಅಡಮಾನ, ದಾನಪತ್ರ, ಇಂಥವು. ಕರೆಂಟ್ ಬಿಲ್ ಬಾಕಿ ಅದರಲ್ಲಿ ಬರುವುದೇ ಇಲ್ಲ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ರಿಜಿಸ್ಟ್ರೇಷನ್ ಮುಗಿಸಿ ಹಾಲು ಉಕ್ಕಿಸಲು ಹೋದಾಗಲೇ ಗೊತ್ತಾಗಿದ್ದು, ಬೋರ್ಡಿನ ಮೇಲೆ ನಾಲ್ಕು ಸ್ಕ್ರೂ ಬಿಟ್ಟರೆ ಏನೂ ಇಲ್ಲ, ಮೀಟರನ್ನೇ ಬಿಚ್ಚಿಕೊಂಡು ಹೋಗಿದ್ದಾರೆ. ಹಳೇ ಬಿಲ್ಲಿನಲ್ಲಿದ್ದ ಆರ್.ಆರ್. ನಂಬರ್, ಅಂದರೆ ಆ ಮನೆಯ ಕರೆಂಟ್ ಕನೆಕ್ಷನ್ನಿನ ನಂಬರ್ ಹಿಡಿದು ವಿಚಾರಿಸಿದಾಗ ಬಡ್ಡಿ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಬಾಕಿ. ನಾವು ಒಂದು ಯೂನಿಟ್ ಉರಿಸಿಲ್ಲ, ನಾವ್ಯಾಕೆ ಕಟ್ಟಬೇಕು ಅಂತ ನನಗೆ ತುಂಬಾ ಸಿಟ್ಟು ಬಂತು. ಆಮೇಲೆ ತಿಳಿಯಿತು, ನಿಯಮದಲ್ಲಿ ಹಾಗೆ ಇದ್ದರೆ ಹಳೇ ಮಾಲೀಕರ ಬಾಕಿಯನ್ನು ಹೊಸಬರಿಂದ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲೇ ಹೇಳಿದೆ. ಮಾರಿದವರಿಗೆ ಫೋನ್ ಮಾಡಿದರೆ "ದುಡ್ಡೆಲ್ಲ ಲೆಕ್ಕ ಮುಗೀತಲ್ಲ" ಅಂದರು. ಕಟ್ಟಿದೆವು.

ಅಲ್ಲಿಗೂ ಮುಗಿಯಲಿಲ್ಲ. ಅಷ್ಟು ವರ್ಷ ಲೈನ್ ಕಟ್ಟಾಗಿದ್ದ ಮನೆ ಅಂದರೆ ಹೊಸ ಕನೆಕ್ಷನ್ ತಗೊಂಡ ಹಾಗೇ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬಂದು ವೈರಿಂಗ್ ನೋಡಿ ಸರಿ ಇದೆ ಅಂತ ಬರೆದುಕೊಡಬೇಕು. ಅವರು ಅಟ್ಟ ಹತ್ತಿ ನೋಡಿದರೆ ಅರ್ಧ ವೈರನ್ನು ಇಲಿ ತಿಂದುಹಾಕಿತ್ತು. ಅದಕ್ಕೇ ಪವರ್ ಕೊಟ್ಟುಬಿಟ್ಟಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ, ಮೇಲೆಲ್ಲ ಮರದ ಪಕಾಸು, ರೀಪು. ವೈರ್ ಪೂರ್ತಿ ಬದಲಿಸಿದೆವು, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಗುಂಡಿ ಮಾಡಿಸಿದೆವು. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿಬಿಡುತ್ತದೆ, ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಆ ಗುಂಡಿಗೆ ಆಗಾಗ ನೀರು ಹಾಕಬೇಕು.

ಕರೆಂಟ್ ಇಲ್ಲದೆ ಅಲ್ಲಿ ಹದಿನೇಳು ರಾತ್ರಿ ಕಳೆದೆವು. ಬಾಡಿಗೆ ಮನೆ ಬಿಟ್ಟುಕೊಟ್ಟಾಗಿತ್ತು, ಬೇರೆ ದಾರಿ ಇರಲಿಲ್ಲ. ಪಕ್ಕದ ಮನೆಯವರು ಪಾಪ, ತಮ್ಮ ಮನೆಯಿಂದಲೇ ಒಂದು ವೈರ್ ಎಳೆದುಕೊಡಲು ಬಂದರು. ಲೈನ್‌ಮನ್ ತಡೆದರು: "ಬೇಡ ಮಾರಾಯ್ರೆ, ಅವರಿಗೂ ದಂಡ ಬೀಳತ್ತೆ." ನಿಜವೇ. ಒಂದು ಮನೆಗೆ ಕೊಟ್ಟ ಕರೆಂಟನ್ನು ಇನ್ನೊಂದು ಮನೆಗೆ ಎಳೆದರೆ 2003ರ ವಿದ್ಯುತ್ ಕಾಯ್ದೆ ಪ್ರಕಾರ ಅದು ಅನಧಿಕೃತ ಬಳಕೆ. ಹಾಗಾಗಿ ಅವರ ಮನೆಯಲ್ಲಿ ಮೊಬೈಲ್ ಚಾರ್ಜ್ ಮಾತ್ರ ಮಾಡಿಕೊಂಡೆವು, ದಿನಾ ಸಂಜೆ ಕಾಫಿಯೂ ಅಲ್ಲೇ ಆಗುತ್ತಿತ್ತು.

ನೀರಿನದು ಇನ್ನೊಂದು ಕಥೆ. ಪಂಚಾಯಿತಿ ನಲ್ಲಿಯೂ ಕಟ್ಟಾಗಿತ್ತು, ನೀರಿನ ಬಿಲ್ ಬೇರೆ ಬಾಕಿ. ಬಾವಿಯಿಂದ ರಾಟೆಯಲ್ಲಿ ಸೇದಿಯೇ ಎಲ್ಲ ಆಗಬೇಕು. ಆರು ವರ್ಷ ಯಾರೂ ಮುಟ್ಟದ ನೀರು, ಎಲೆ ಬಿದ್ದು ಕಪ್ಪಾಗಿತ್ತು. ಕೆಸರು ತೆಗೆಸಿ, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದೆವು. 1,000 ಲೀಟರಿಗೆ 2.5 ಗ್ರಾಂ ಲೆಕ್ಕ. ನಮ್ಮ ಬಾವಿ ಎರಡು ಮೀಟರ್ ಅಗಲ, ನೀರು ಮೂರು ಮೀಟರ್, ಅಂದರೆ ಸುಮಾರು 9,400 ಲೀಟರ್, ಹತ್ತಿರ ಹತ್ತಿರ 24 ಗ್ರಾಂ ಬೇಕು. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣದ ಗಷ್ಟು ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಬಿಟ್ಟು, ಕಡಿಮೆ ಅಂದರೂ ಒಂದು ಗಂಟೆ ಆ ನೀರು ಮುಟ್ಟಬಾರದು. ಅಮ್ಮ ಆಮೇಲೂ ಒಂದು ತಿಂಗಳು ಕುದಿಸದೆ ಕುಡಿಯಲು ಬಿಡಲಿಲ್ಲ.

ನೀವು ಹಳೇ ಮನೆ ನೋಡುತ್ತಿದ್ದರೆ ದಯವಿಟ್ಟು ಇಷ್ಟು ಮಾಡಿ. ಅಡ್ವಾನ್ಸ್ ಕೊಡುವ ಮುಂಚೆಯೇ ಆರ್.ಆರ್. ನಂಬರ್ ಕೇಳಿ ಬಾಕಿ ಎಷ್ಟಿದೆ ನೋಡಿ. ನೀರಿನದೂ ಕೇಳಿ. ಬಾಕಿ ಇದ್ದರೆ ಕರಾರಿನಲ್ಲೇ ಬರೆಸಿ, ಅಷ್ಟು ದುಡ್ಡು ಹಿಡಿದಿಟ್ಟುಕೊಂಡು ರಸೀದಿ ತಂದ ಮೇಲೆ ಕೊಡಿ. ಬೇಜಾರು ಮಾಡಿಕೊಳ್ತಾರೆ ಅಂತ ಸುಮ್ನೆ ಇರಬೇಡಿ, ನಾವು ಇದ್ದದ್ದು ಅದಕ್ಕೇ.

ಹದಿನೆಂಟನೇ ದಿನ ಸಂಜೆ ಮೀಟರ್ ಬಂತು. ಅಮ್ಮ ಮೊದಲು ದೇವರ ಮನೆ ಲೈಟ್ ಹಾಕಿದರು, ಆಮೇಲೆ ಹೊರಗೆ ಹೋಗಿ ಪಕ್ಕದ ಮನೆಯವರನ್ನು ಕಾಫಿಗೆ ಕರೆದುಕೊಂಡು ಬಂದರು. ನಲ್ಲಿ ಇನ್ನೂ ಬಂದಿಲ್ಲ, ಅರ್ಜಿ ಕೊಟ್ಟಿದ್ದೇವೆ.