ಫೋರ್ಟ್ ಗ್ರೀನ್ ಪಾರ್ಕಿನ ಕಂಬ

ನ್ಯೂಯಾರ್ಕಿನ ಬ್ರೂಕ್ಲಿನ್ ಕಡೆ ಬಂದ್ರೆ ಫೋರ್ಟ್ ಗ್ರೀನ್ ಪಾರ್ಕಿನ ಗುಡ್ಡದ ಮೇಲಿರೋ ಕಂಬ ನೋಡಿ, 149 ಅಡಿ, ತುದೀಲಿ ಕಂಚಿನ ದೊಡ್ಡ ಕಲಶ. ಜನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡೀತಾ ನಾಯಿ ಆಡಿಸ್ತಾ ಇರ್ತಾರೆ, ಕೆಳಗಡೆ ನೆಲಮಾಳಿಗೇಲಿ ಮೂಳೆಗಳಿವೆ ಅಂತ ಎಷ್ಟು ಜನಕ್ಕೆ ಗೊತ್ತೋ ಏನೋ.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಕ್ಕಿಬಿದ್ದ ಸೈನಿಕರು, ನಾವಿಕರನ್ನ ಬ್ರಿಟಿಷರು ಇಲ್ಲೇ ವಾಲಬೌಟ್ ಕೊಲ್ಲೀಲಿ ನಿಲ್ಸಿದ್ದ ಹಳೇ ಹಡಗುಗಳಲ್ಲಿ ತುರುಕಿದ್ರು, ಅದ್ರಲ್ಲಿ ಜೆರ್ಸಿ ಅನ್ನೋದು ತುಂಬಾ ಕುಖ್ಯಾತ, ಸಿಡುಬು ಭೇದಿ ಹಸಿವು ಎಲ್ಲಾ ಸೇರಿ ಸುಮಾರು 11,500 ಜನ ಸತ್ರು ಅಂತ ಅಂದಾಜು, ರಣರಂಗದಲ್ಲಿ ಸತ್ತೋರಿಗಿಂತ ಜಾಸ್ತಿ! ಬ್ರಿಟಿಷ್ ನೌಕಾಪಡೆ ಸೇರ್ತೀನಿ ಅಂದಿದ್ರೆ ಬಿಟ್ಬಿಡ್ತಿದ್ರಂತೆ, ಬಹಳ ಜನ ಒಪ್ಲೇ ಇಲ್ಲ. ನಾನಾಗಿದ್ರೆ ಎರಡನೇ ದಿನಕ್ಕೇ ಸೈನ್ ಹಾಕ್ತಿದ್ದೆ ಅನ್ಸುತ್ತೆ, ಸುಳ್ಯಾಕೆ ಹೇಳ್ಲಿ.

ಹೆಣಗಳನ್ನ ದಡದಲ್ಲೇ ಮೇಲ್ಮೇಲೆ ಮಣ್ಣೆಳೆದು ಹೂತಿದ್ರಿಂದ ವರ್ಷಗಟ್ಟಲೆ ಮೂಳೆ ಈಚೆ ಬರ್ತಾನೇ ಇತ್ತು, ಊರಿನೋರೇ ಆರಿಸಿ ಇಟ್ಕೊಂಡ್ರು, ಕಂಬದ ಕೆಳಗಿರೋದು ಆ ಮೂಳೆಗಳೇ. ಈ ಕಂಬ ಎದ್ದಿದ್ದು ಮಾತ್ರ 1908ರಲ್ಲಿ, ಯುದ್ಧ ಮುಗಿದು 125 ವರ್ಷ ಆದ್ಮೇಲೆ, ಆಗಷ್ಟೇ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಟ್ಯಾಫ್ಟ್ ಬಂದು ಭಾಷಣ ಮಾಡಿದ್ರು. ನಮ್ಮೂರ ಫೈಲ್‌ಗಳೇ ವಾಸಿ ಕಣ್ರೀ! ಆ ಕೊಲ್ಲಿ ಜಾಗದಲ್ಲಿ ಈಗ ನೇವಿ ಯಾರ್ಡ್, ಅಂದ್ರೆ ಹಿಂದೆ ನೌಕಾಪಡೆ ಹಡಗು ಕಟ್ತಿದ್ದ ಜಾಗ, ಒಳಗೆ ಸಿನಿಮಾ ಸ್ಟುಡಿಯೋ ಬೇರೆ ಇದೆ.