ಅಜ್ಜಿಗೆ ಕ್ಯಾಪಿಟಲ್ ಯಾವಾಗ?

ಅಮೆರಿಕದ ಶಾಲೆಗಳಲ್ಲಿ ಕ್ಯಾಪಿಟಲ್ ಲೆಟರ್ ಪಾಠ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ. 2010ರಲ್ಲಿ ಬಂದ, ಹಲವು ರಾಜ್ಯಗಳು ಒಪ್ಪಿಕೊಂಡ 'ಕಾಮನ್ ಕೋರ್' ಎಂಬ ಕಲಿಕಾ ಮಾನದಂಡದ ಪ್ರಕಾರ ಕಿಂಡರ್‌ಗಾರ್ಟನ್‌ನಲ್ಲಿ ವಾಕ್ಯದ ಮೊದಲ ಪದ, ಜೊತೆಗೆ 'ನಾನು' ಎಂಬರ್ಥದ 'ಐ'. ಒಂದನೇ ತರಗತಿಗೆ ತಾರೀಖು ಮತ್ತು ಜನರ ಹೆಸರು, ಎರಡಕ್ಕೆ ಹಬ್ಬ, ಊರು-ನದಿ, ಬ್ರ್ಯಾಂಡ್‌ಗಳ ಹೆಸರು, ಮೂರಕ್ಕೆ ಶೀರ್ಷಿಕೆಗಳು. ಟೆಕ್ಸಾಸ್, ವರ್ಜೀನಿಯಾದಂಥ ರಾಜ್ಯಗಳು ತಮ್ಮದೇ ಪಠ್ಯಕ್ರಮ ಇಟ್ಟುಕೊಂಡಿವೆ.

ಕನ್ನಡ ಲಿಪಿಯಲ್ಲಿ ಕ್ಯಾಪಿಟಲ್, ಸ್ಮಾಲ್ ಎಂಬ ಭೇದವಿಲ್ಲ. ಕ್ಯಾಪಿಟಲ್ ನಿಯಮದ ಹಿಂದಿನ ವ್ಯಾಕರಣ ಮಾತ್ರ ನಾವೆಲ್ಲ ಓದಿದ್ದೇ: ನದಿ ರೂಢನಾಮ, ಕಾವೇರಿ ಅಂಕಿತನಾಮ; ಕ್ಯಾಪಿಟಲ್ ಅಂಕಿತನಾಮಕ್ಕೆ. ಮನೆಯಲ್ಲಿ ಹೇಳಿಕೊಡುವವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. 'ಮುಖ್ಯವಾದ ಪದಕ್ಕೆ ಕ್ಯಾಪಿಟಲ್' ಎಂದುಬಿಟ್ಟರೆ ಮಗು ತನಗಿಷ್ಟವಾದ ನಾಯಿಮರಿಗೂ ಐಸ್‌ಕ್ರೀಮಿಗೂ ಹಾಕುತ್ತದೆ. ಅದರ ಪಾಲಿಗೆ ಅವೇ ಮುಖ್ಯ ತಾನೇ!

ಹೆಚ್ಚು ಗೊಂದಲವಾಗುವುದು ನೆಂಟಸ್ತಿಕೆಯ ಪದಗಳಲ್ಲಿ. 'ಮೈ ಅಜ್ಜಿ ಕುಕ್ಸ್' ಎಂದರೆ ಅಜ್ಜಿಗೆ ಸ್ಮಾಲ್ ಎ. 'ಟುಡೇ ಅಜ್ಜಿ ಕೇಮ್' ಎಂದರೆ ಕ್ಯಾಪಿಟಲ್ ಎ. ಆ ಜಾಗದಲ್ಲಿ ಒಂದು ಹೆಸರಿಟ್ಟು ಓದಿಸಿ. 'ಟುಡೇ ಸುಧಾ ಕೇಮ್' ಸರಿಹೋಗುತ್ತದೆ, ಆದ್ದರಿಂದ ಅಲ್ಲಿ ಅಜ್ಜಿ ಹೆಸರಿನ ಕೆಲಸ ಮಾಡುತ್ತಿದೆ. 'ಮೈ ಸುಧಾ ಕುಕ್ಸ್' ಎಂದರೆ ಮಗುವಿಗೇ ಸರಿ ಅನಿಸುವುದಿಲ್ಲ. ಮಾಮ್, ಡ್ಯಾಡ್‌ಗಳಿಗೂ ಇದೇ ಪರೀಕ್ಷೆ.

ಊಟದ ತಟ್ಟೆಯಲ್ಲೂ ಪಾಠವಿದೆ. ಇಡ್ಲಿ, ದೋಸೆ ಸ್ಮಾಲ್. ಮೈಸೂರ್ ಪಾಕ್‌ನಲ್ಲಿ ಊರಿಗೆ ಕ್ಯಾಪಿಟಲ್ ಎಂ, ಪಾಕಿಗೆ ಸ್ಮಾಲ್ ಪಿ. ಯುಗಾದಿ, ದೀಪಾವಳಿ ಕ್ಯಾಪಿಟಲ್. ವಾರ, ತಿಂಗಳುಗಳ ಹೆಸರು ಕ್ಯಾಪಿಟಲ್, ಆದರೆ ಸಮ್ಮರ್, ವಿಂಟರ್ ಸ್ಮಾಲ್. ಮ್ಯಾಥ್ ಸ್ಮಾಲ್, ಕನ್ನಡ ಕ್ಯಾಪಿಟಲ್. ಈ ಎರಡು ಜೋಡಿಗಳಲ್ಲಿ ದೊಡ್ಡ ಮಕ್ಕಳೂ ಎಡವುತ್ತಾರೆ.

ಕೆಲವು ತಪ್ಪುಗಳು ವ್ಯಾಕರಣದ್ದೇ ಅಲ್ಲ, ಕೈಬರಹದವು. ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್ ಅಕ್ಷರಗಳಿಗೆ ಎರಡೂ ರೂಪ ಒಂದೇ, ಗಾತ್ರ ಮಾತ್ರ ಬೇರೆ. ನಡುವೆ ಚುಕ್ಕಿಗೆರೆ ಇರುವ ಹಾಳೆ ಕೊಡಿ: ಕ್ಯಾಪಿಟಲ್ ಮೇಲಿನ ಗೆರೆ ಮುಟ್ಟಬೇಕು, ಈ ಏಳರ ಸ್ಮಾಲ್ ರೂಪ ಚುಕ್ಕಿಗೆರೆಗೇ ನಿಲ್ಲಬೇಕು. ಪದದ ನಡುವೆ ಕ್ಯಾಪಿಟಲ್ ಬಿ ಅಥವಾ ಡಿ ಕಂಡರೆ ಬೈಯಬೇಡಿ. ಸ್ಮಾಲ್ ಬಿ, ಡಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಯಾವುದರ ಹೊಟ್ಟೆ ಯಾವ ಕಡೆ ಎಂದು ತಿಳಿಯದ ಮಗು ಕ್ಯಾಪಿಟಲ್ ಬರೆದು ಪಾರಾಗುತ್ತದೆ. ಅದಕ್ಕೆ ಬೇಕಾದದ್ದು ಬಿ-ಡಿ ತಿದ್ದುವ ಅಭ್ಯಾಸ.

ಬರೆದದ್ದನ್ನು ನೀವೇ ತಿದ್ದಬೇಡಿ. ಕ್ಯಾಪಿಟಲ್ ಆಗಬೇಕಾದ ಅಕ್ಷರದ ಕೆಳಗೆ ಮೂರು ಅಡ್ಡಗೆರೆ, ಸ್ಮಾಲ್ ಆಗಬೇಕಾದದ್ದನ್ನು ಹಾಯುವಂತೆ ಒಂದು ಓರೆಗೆರೆ, ಇವು ಪ್ರೂಫ್ ತಿದ್ದುವವರ ಗುರುತುಗಳೇ. ಪೆನ್ಸಿಲ್ ಮಗುವಿನ ಕೈಗೇ ಕೊಟ್ಟು, ಒಂದು ಸಲಕ್ಕೆ ಒಂದೇ ನಿಯಮ ಹುಡುಕಿಸಿ: ಮೊದಲ ಓದಿಗೆ ವಾಕ್ಯದ ಆರಂಭ, ಎರಡನೆಯದಕ್ಕೆ ಹೆಸರುಗಳು.