54 ಅಂಕ ಬಂದ ಗುರುವಾರ

ಡಿಸೆಂಬರ್ ಎರಡನೇ ವಾರ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬೆಳಗ್ಗೆ ಎಂಟಾದರೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ, ಫೋನಿಗೆ ಮೇಲ್ ಬಂತು: ಮೊದಲ ಪ್ರಬಂಧದ ಅಂಕ ಪ್ರಕಟವಾಗಿದೆ. ಒಲೆ ಆರಿಸಿ ನೋಡಿದೆ. 54.

ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಎಂಬತ್ತರ ಕೆಳಗೆ ಇಳಿದವಳಲ್ಲ ನಾನು. ಇಲ್ಲಿಯ ಲೆಕ್ಕ ಬೇರೆ ಎಂದು ಗೊತ್ತಿತ್ತು. ಎಂ.ಎ.ಗೆ 50 ಬಂದರೆ ಪಾಸು, 60ಕ್ಕೆ ಮೆರಿಟ್, 70 ಮುಟ್ಟಿದರೆ ಡಿಸ್ಟಿಂಕ್ಷನ್. 80ರ ಮೇಲೆ ಸಿಗುವುದು ತೀರ ಅಪರೂಪ. ಆದರೆ ಗೊತ್ತಿರುವುದು ಬೇರೆ, ನಮ್ಮದೇ ಪ್ರಬಂಧದ ಮೇಲೆ ಆ ಅಂಕ ಕೂತಿರುವುದನ್ನು ನೋಡುವುದು ಬೇರೆ. ಅಪ್ಪ ಬ್ಯಾಂಕಿಗೆ ಕೊಟ್ಟು ಬಂದ ತೋಟದ ಪತ್ರಗಳು ಕಣ್ಣಮುಂದೆ ಬಂದವು. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಆಧಾರ ಕೇಳುತ್ತಾರೆ. ನಮ್ಮ ಸಾಲ ಅದರ ಮೂರು ಪಟ್ಟು. ರವೆ ಹಾಗೇ ತಣ್ಣಗಾಯಿತು.

ಪ್ರಬಂಧದ ವಿಷಯ ಊರೊಟ್ಟಿನ ನೀರು, ಹುಲ್ಲುಗಾವಲು, ಕಾಡಿನಂಥ ಸಂಪತ್ತು. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಹಾಳು ಮಾಡುತ್ತಾರೆ ಎಂದು 1968ರಲ್ಲಿ ವಾದಿಸಿದವರು ಗ್ಯಾರೆಟ್ ಹಾರ್ಡಿನ್. ಹಾಗೇನಿಲ್ಲ, ಜನ ತಾವೇ ಕಟ್ಟಳೆ ಮಾಡಿಕೊಂಡು ಶತಮಾನಗಟ್ಟಲೆ ಉಳಿಸಿಕೊಂಡಿದ್ದಾರೆ ಎಂದು ತೋರಿಸಿದವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಸ್ಪೇನಿನ ವೇಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಕ್ಯಾಥೆಡ್ರಲ್ ಬಾಗಿಲಲ್ಲಿ ರೈತರ ನ್ಯಾಯಮಂಡಳಿ ಕೂತು ಕಾಲುವೆ ನೀರಿನ ಜಗಳ ತೀರಿಸುವುದನ್ನೂ ಬರೆದಿದ್ದೆ. ಹತ್ತೊಂಬತ್ತು ಉಲ್ಲೇಖಗಳು, ಒಂದರಲ್ಲೂ ಪುಟಸಂಖ್ಯೆ ತಪ್ಪಿರಲಿಲ್ಲ.

ಕೊನೆಯಲ್ಲಿ ಅಧ್ಯಾಪಕಿಯ ಎರಡು ಸಾಲಿನ ಷರಾ ಇತ್ತು: ‘ಇವರೆಲ್ಲ ಹೇಳಿದ್ದು ಸ್ಪಷ್ಟವಾಗಿ ಬಂದಿದೆ. ಇದರಲ್ಲಿ ಯಾರ ಮಾತು ಸರಿ ಎಂದು ನಿಮಗನಿಸುತ್ತದೆ, ಯಾಕೆ?’

ವಿಶ್ವವಿದ್ಯಾಲಯದ ಬ್ರದರ್ಟನ್ ಲೈಬ್ರರಿಯ ಆ ದೊಡ್ಡ ಗುಮ್ಮಟದ ಕೆಳಗೆ, ಹಸಿರು ಅಮೃತಶಿಲೆಯ ಕಂಬವೊಂದರ ಪಕ್ಕ ಕೂತು ಅದನ್ನೇ ಓದಿದೆ, ಎಷ್ಟು ಸಲವೋ. ನನ್ನ ಪ್ರಕಾರ ಎಂದು ಪರೀಕ್ಷೆಯಲ್ಲಿ ಬರೆಯುವ ಧೈರ್ಯ ನಾವು ಯಾವತ್ತೂ ಮಾಡಿದವರಲ್ಲ. ನಮ್ಮ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಓದಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸುವ ಶ್ರದ್ಧೆ ಅವರು ಕಲಿಸಿದ್ದು, ಆ 54 ಬಂದದ್ದೂ ಅದರಿಂದಲೇ. ಆದರೆ ಓದಿದವಳು ಏನಂತಾಳೆ ಎಂದು ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಎರಡು ಗಂಟೆಗೆ ಅಧ್ಯಾಪಕಿಯ ಕೋಣೆಗೆ ಹೋದೆ. ವಾರಕ್ಕೆ ಎರಡು ಗಂಟೆ ಅವರ ಬಾಗಿಲು ವಿದ್ಯಾರ್ಥಿಗಳಿಗೆ ತೆರೆದಿರುತ್ತದೆ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅಮ್ಮನಿಗಿಂತ ದೊಡ್ಡ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ಅಂಕದ ಬಗ್ಗೆ ಕೇಳಬೇಕೆಂದು ಹೋದವಳು ಸುಮ್ಮನೆ ಕೂತೆ. ಅವರೇ ಕೇಳಿದರು, “ಹಾರ್ಡಿನ್ ಹೇಳಿದ್ದನ್ನು ನೀವು ನಂಬುತ್ತೀರಾ?”

“ಇಲ್ಲ,” ಅಂದುಬಿಟ್ಟೆ.

“ಯಾಕೆ?”

ಆಗ ಬಾಯಿಗೆ ಬಂದದ್ದು ನಮ್ಮೂರ ಕೆರೆ. ಗುಬ್ಬಿ ತಾಲ್ಲೂಕಿನ ಚಿಕ್ಕ ಊರು ನಮ್ಮದು. ನಾನು ಏಳೆಂಟು ವರ್ಷದವಳಿದ್ದಾಗ ಗುದ್ದಲಿ ಹೆಗಲಿಗಿಟ್ಟುಕೊಂಡು ಏರಿಯ ಮೇಲೆ ಹೋಗುತ್ತಿದ್ದ ಒಬ್ಬ ಮುದುಕರಿದ್ದರು. ತೂಬು ತೆಗೆಯುವುದು, ಮುಚ್ಚುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವರ ಕೆಲಸ. ಅವರ ಮಾತು ಮೀರಿ ಯಾರೂ ಬದು ಕಡಿಯುತ್ತಿರಲಿಲ್ಲ. ತೂಬಿಗೆ ಇಂಗ್ಲಿಷ್ ಪದ ಗೊತ್ತಿತ್ತು. ಆ ಮುದುಕರಿಗೆ ಏನನ್ನಬೇಕೋ ಹೊಳೆಯಲಿಲ್ಲ. ಕನ್ನಡದಲ್ಲೇ ಹೇಳಿದೆ: ನೀರಗಂಟಿ. ಅಧ್ಯಾಪಕಿ ಅಕ್ಷರ ಬಿಡಿಸಿ ಹೇಳಿಸಿಕೊಂಡು ಹಾಳೆಯ ಮೇಲೆ ಬರೆದುಕೊಂಡರು.

ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಆ ಮನುಷ್ಯನಿಗೆ ಕೂಲಿ ಕೊಡುತ್ತಿದ್ದವರು ಯಾರು? ಸರ್ಕಾರವೋ, ಊರೋ? ಮಳೆ ಕೈಕೊಟ್ಟ ವರ್ಷ ಮೊದಲು ಯಾರ ಗದ್ದೆಗೆ? ಅಚ್ಚುಕಟ್ಟಿನ ತೀರಾ ಕೊನೆಗೆ ಗದ್ದೆ ಇದ್ದವರ ಗತಿ? ಕದ್ದು ನೀರು ತಿರುಗಿಸಿಕೊಂಡವರಿಗೆ ಏನು ಶಿಕ್ಷೆ? ಜಮೀನೇ ಇಲ್ಲದವರಿಗೆ ಕೆರೆಯಲ್ಲಿ ಏನು ಹಕ್ಕಿತ್ತು?

ಒಂದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ವೇಲೆನ್ಸಿಯಾದ್ದಾಗಿದ್ದರೆ ಪುಟಸಂಖ್ಯೆ ಸಮೇತ ಹೇಳುತ್ತಿದ್ದೆ. ನಾನು ಬುದ್ಧಿ ತಿಳಿಯುವ ಹೊತ್ತಿಗೆ ತೋಟಕ್ಕೆಲ್ಲ ಬೋರ್‌ವೆಲ್ ಬಂದಿತ್ತು, ಕೆರೆಯಲ್ಲಿ ಜಾಲಿ ಬೆಳೆದಿತ್ತು. ಕೊನೆಯ ಪ್ರಶ್ನೆಯಂತೂ ನನ್ನ ಮನಸ್ಸಿಗೆ ಅದುವರೆಗೆ ಬಂದೇ ಇರಲಿಲ್ಲ. ನಾಚಿಕೆಯಾಯಿತು, 54 ನೋಡಿ ಆದದ್ದಕ್ಕಿಂತ ಹೆಚ್ಚು. ಅವರು ಮಾತ್ರ ಅದನ್ನು ಕೊರತೆಯೆಂದು ಎಣಿಸಲಿಲ್ಲ. “ಮುಂದಿನ ಪ್ರಬಂಧಕ್ಕೆ ಇನ್ನೂ ಐದು ವಾರ ಇದೆ,” ಎಂದರು, ಅಷ್ಟೆ.

ಹೊರಗೆ ಬಂದಾಗ ನಾಲ್ಕೂ ಆಗಿರಲಿಲ್ಲ, ಆಗಲೇ ಹೊತ್ತು ಮುಳುಗಿತ್ತು. ಪಾರ್ಕಿನ್‌ಸನ್ ಕಟ್ಟಡದ ಬಿಳಿ ಗಡಿಯಾರ ಗೋಪುರಕ್ಕೆ ದೀಪ ಬಿದ್ದಿತ್ತು. ಅದರ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ.

“ಯಾಕಮ್ಮ ಈ ಹೊತ್ತಲ್ಲಿ? ಊಟ ಆಯ್ತಾ?”

ಅಂಕ ಹೇಳಿದೆ. ಅಪ್ಪ ಒಂದು ಗಳಿಗೆ ತಡೆದು, “ಪಾಸಾ?” ಎಂದರು. ಪಾಸು ಎಂದೆ. “ಸರಿ ಬಿಡು ಮತ್ತೆ.”

“ಅಪ್ಪ, ನಮ್ಮೂರ ನೀರಗಂಟಿಗೆ ಕೂಲಿ ಯಾರು ಕೊಡ್ತಿದ್ರು?”

“ಊರೇ ಕೊಡ್ತಿತ್ತು ಕಣಮ್ಮ. ಕಣದಲ್ಲಿ ಅವರ ಪಾಲು ಅಳೆದ ಮೇಲೇ ಬತ್ತ ಮನೆಗೆ ಬರ್ತಿದ್ದುದು.”

“ನೀರು ಕದ್ದವರಿಗೆ?”

“ಅಯ್ಯೋ, ಅದೊಂದು ದೊಡ್ಡ ಕಥೆ...”

ಕೈಗವಸು ಕಳಚಿ ಪುಸ್ತಕ ತೆಗೆದೆ. ಬೆರಳು ಮರಗಟ್ಟಿದ್ದವು, ಅಕ್ಷರ ಸೊಟ್ಟಗೆ ಬೀಳುತ್ತಿತ್ತು. ಜಮೀನಿಲ್ಲದವರ ಹಕ್ಕಿನ ಮಾತಿಗೆ ಬಂದಾಗ ಅಪ್ಪ ಸ್ವಲ್ಪ ಸುಮ್ಮನಾದರು.

“ಇರು,” ಎಂದರು. “ದೊಡ್ಡಪ್ಪನ್ನ ಎಬ್ಬಿಸ್ತೀನಿ. ಅದು ಅವರಿಗೇ ಸರಿಯಾಗಿ ಗೊತ್ತು.”